ಪಿನ್ ಕೋಡ್‌ನಿಂದ ಹುಟ್ಟಿದ ಹದಿನೆಂಟು ಅಂಕೆಗಳ ಸಂಯುಕ್ತ ಸಂಖ್ಯೆ: ಅಪವರ್ತಿಸಿ ಗುಣಗಳನ್ನು ಅರಿಯುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 585101. ಅದನ್ನು ಒಂದರ ಪಕ್ಕ ಒಂದರಂತೆ ಮೂರು ಬಾರಿ ಬರೆದರೆ 585101585101585101 ಎಂಬ ಸಂಖ್ಯೆ ದೊರೆಯುತ್ತದೆ. ಇದರಲ್ಲಿ ಹದಿನೆಂಟು ಅಂಕೆಗಳಿವೆ. ಬೆಲೆ ಸುಮಾರು 5,851 ಕೋಟಿ ಕೋಟಿ. ಇದನ್ನು ಈ ಬರಹದಲ್ಲಿ ಕಲಬುರಗಿ ಸಂಖ್ಯೆ ಎಂದು ಕರೆಯೋಣ. ಇದರ ಅವಿಭಾಜ್ಯ ಅಪವರ್ತನಗಳು ಯಾವುವು, ಭಾಜಕಗಳು ಎಷ್ಟು, ಅವುಗಳ ಮೊತ್ತವೇನು, ಇದರ ವ್ಯುತ್ಕ್ರಮವನ್ನು ದಶಮಾಂಶದಲ್ಲಿ ಬರೆದರೆ ಎಷ್ಟು ಅಂಕೆಗಳ ನಂತರ ಆವರ್ತನೆಯಾಗುತ್ತದೆ ಎಂಬುದೆಲ್ಲವನ್ನೂ ಕಾಗದ, ಪೆನ್ನು ಮತ್ತು ಕಿರಾಣಿ ಅಂಗಡಿಯಲ್ಲಿ ಬಳಸುವಂಥ ಸಾಮಾನ್ಯ ಕ್ಯಾಲ್ಕುಲೇಟರ್‌ಗಳಿಂದಲೇ ಕಂಡುಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಹತ್ತನೇ ತರಗತಿಯ ಬೀಜಗಣಿತ ಚೆನ್ನಾಗಿ ಬಂದರೆ ಸಾಕು. ಒಂದು ಹಂತದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

ಇಡೀ ಕೆಲಸದ ತಿರುಳು ಇಷ್ಟೇ: ದೊಡ್ಡ ಸಂಖ್ಯೆಯನ್ನು ಕಂಡ ಕೂಡಲೇ ಭಾಗಿಸಲು ಕುಳಿತುಕೊಳ್ಳಬಾರದು, ಮೊದಲು ಅದರ ರೂಪವನ್ನು ನೋಡಬೇಕು. ಕಲಬುರಗಿ ಸಂಖ್ಯೆಯ ವರ್ಗಮೂಲ ಸುಮಾರು 76.49 ಕೋಟಿ. ಅಲ್ಲಿಯವರೆಗಿನ ಅವಿಭಾಜ್ಯ ಸಂಖ್ಯೆಗಳೇ ಸುಮಾರು ನಾಲ್ಕು ಕೋಟಿ ಇವೆ. ಒಂದೊಂದರಿಂದಲೂ ಕೈಯಲ್ಲಿ ಭಾಗಿಸಿ ನೋಡುವುದು ಒಂದು ಜನ್ಮದಲ್ಲಿ ಮುಗಿಯುವ ಕೆಲಸವಲ್ಲ. ರೂಪವನ್ನು ಗುರುತಿಸಿದರೆ ಅದೇ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಉಪಕರಣಗಳ ಬಗ್ಗೆ ಒಂದು ಎಚ್ಚರಿಕೆ

ಸಾಮಾನ್ಯ ಕ್ಯಾಲ್ಕುಲೇಟರ್ 12 ಅಂಕೆಗಳವರೆಗೆ ಮಾತ್ರ ತೋರಿಸುತ್ತದೆ. ಆದ್ದರಿಂದ ನಮ್ಮ ಸಂಖ್ಯೆ ಅದರಲ್ಲಿ ಹಿಡಿಸುವುದೇ ಇಲ್ಲ. ಹಾಗೆಂದು ಎಕ್ಸೆಲ್ ಹಾಳೆಯನ್ನು ನಂಬುವುದು ಇನ್ನೂ ಅಪಾಯಕರ. ಎಕ್ಸೆಲ್ 15 ಅಂಕೆಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಂಡು ಉಳಿದವನ್ನು ಸೊನ್ನೆಯಾಗಿಸುತ್ತದೆ. ಕಲಬುರಗಿ ಸಂಖ್ಯೆಯನ್ನು ಅದರಲ್ಲಿ ಬರೆದರೆ ಒಳಗೆ ಉಳಿಯುವುದು 585101585101585000 ಮಾತ್ರ, ಮತ್ತು ಹೀಗಾಗಿದೆ ಎಂದು ಅದು ಹೇಳುವುದೂ ಇಲ್ಲ. ಕೊನೆಯ ಮೂರು ಅಂಕೆಗಳು ಹೋದರೆ ಭಾಜ್ಯತೆಯ ಎಲ್ಲ ಪರೀಕ್ಷೆಗಳೂ ಸುಳ್ಳಾಗುತ್ತವೆ. ಕಂಪ್ಯೂಟರ್ ಬಳಸಲೇಬೇಕೆಂದಿರುವವರು ಪೈಥಾನ್ ಬಳಸಬಹುದು, ಏಕೆಂದರೆ ಅದು ಪೂರ್ಣಾಂಕಗಳನ್ನು ಎಷ್ಟು ದೊಡ್ಡದಾದರೂ ನಿಖರವಾಗಿ ಇಟ್ಟುಕೊಳ್ಳುತ್ತದೆ. ಆದರೆ ಮೊದಲ ಸಲ ಕೈಯಲ್ಲೇ ಮಾಡಿ ಎಂಬುದು ನನ್ನ ಒತ್ತಾಯ.

ಮೊದಲ ಹಂತ: ಸಣ್ಣ ಭಾಜಕಗಳನ್ನು ಸೋಸುವುದು

ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕೆಗಳ ಗುಂಪುಗಳಾಗಿ ವಿಂಗಡಿಸಿ: 585, 101, 585, 101, 585, 101. ಈ ಗುಂಪುಗಳನ್ನು ಎರಡು ರೀತಿಯಲ್ಲಿ ಬಳಸಬಹುದು.

ಎಲ್ಲ ಗುಂಪುಗಳನ್ನು ಕೂಡಿಸಿದರೆ 2058 ಬರುತ್ತದೆ. ಅದನ್ನೂ ಹಾಗೆಯೇ ಗುಂಪು ಮಾಡಿ ಕೂಡಿಸಿದರೆ 2 + 58, ಅಂದರೆ 60. ಮೂಲ ಸಂಖ್ಯೆಯನ್ನು 999ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಈ 60. 999 ಎಂದರೆ 27 × 37 ಆದ್ದರಿಂದ 3, 9 ಮತ್ತು 37ರ ಪರೀಕ್ಷೆ ಒಂದೇ ಏಟಿಗೆ ಮುಗಿಯಿತು. 60 ಎಂಬುದು 3ರಿಂದ ಭಾಗವಾಗುತ್ತದೆ, 9ರಿಂದಲೂ 37ರಿಂದಲೂ ಆಗುವುದಿಲ್ಲ. ಹಾಗಾಗಿ 3 ಒಂದು ಅಪವರ್ತನ, ಅದೂ ಒಂದೇ ಬಾರಿ.

ಇನ್ನು ಗುಂಪುಗಳನ್ನು ಬಲದಿಂದ ಒಂದನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋದರೆ 3 × (101 − 585), ಅಂದರೆ −1452 ದೊರೆಯುತ್ತದೆ. ಇದು 1001ಕ್ಕೆ ಸಂಬಂಧಿಸಿದ ಪರೀಕ್ಷೆ, ಮತ್ತು 1001 = 7 × 11 × 13. 1452 ಎಂದರೆ 11 × 132. ಆದರೆ 7ರಿಂದ ಭಾಗಿಸಿದರೆ ಶೇಷ 3, 13ರಿಂದ ಭಾಗಿಸಿದರೆ ಶೇಷ 9. ಆದ್ದರಿಂದ 11 ಅಪವರ್ತನ. 7 ಮತ್ತು 13 ಅಲ್ಲ. ಕೊನೆಯ ಅಂಕೆ 1 ಆಗಿರುವುದರಿಂದ 2 ಮತ್ತು 5ರ ಪ್ರಶ್ನೆಯೇ ಇಲ್ಲ.

ಎರಡನೇ ಹಂತ: ರೂಪವನ್ನು ಗುರುತಿಸುವುದು

ಒಂದೇ ಆರಂಕಿಯ ತುಂಡು ಮೂರು ಬಾರಿ ಬಂದಿದೆ. ಮೊದಲ ತುಂಡಿನ ಸ್ಥಾನಬೆಲೆ 10¹², ಎರಡನೆಯದರದ್ದು 10⁶, ಕೊನೆಯದರದ್ದು 1. ಆದ್ದರಿಂದ

585101585101585101 = 585101 × 1000001000001.

ಈಗ ಕೆಲಸ ಎರಡು ಭಾಗವಾಯಿತು. ಎಡಗಡೆಯ 585101 ಸಣ್ಣದು. ಬಲಗಡೆಯ 1000001000001 ಹದಿಮೂರು ಅಂಕೆಗಳದ್ದಾದರೂ ಅದರ ಒಳಗೊಂದು ಸೊಗಸಾದ ಜೋಡಣೆಯಿದೆ. 1000ವನ್ನು ‘ಕ’ ಎಂದು ಇಟ್ಟುಕೊಂಡರೆ ಅದು ಕ⁴ + ಕ² + 1 ಆಗುತ್ತದೆ. ಇದಕ್ಕೆ ಕ²ವನ್ನು ಕೂಡಿಸಿ ಕಳೆದರೆ (ಕ² + 1)² − ಕ² ಎಂಬ ವರ್ಗಗಳ ವ್ಯತ್ಯಾಸ ಸಿಗುತ್ತದೆ. ಶಾಲೆಯಲ್ಲಿ ಕಲಿತ ನಿತ್ಯಸಮೀಕರಣವನ್ನು ಬಳಸಿದರೆ ಅದು (ಕ² + ಕ + 1)(ಕ² − ಕ + 1) ಆಗುತ್ತದೆ. ಬೆಲೆಗಳನ್ನು ತುಂಬಿದಾಗ

1000001000001 = 1001001 × 999001.

ಒಂದೂ ಭಾಗಾಕಾರ ಮಾಡದೆ ಹದಿಮೂರು ಅಂಕೆಗಳ ಸಂಖ್ಯೆ ಎರಡಾಗಿ ಸೀಳಿತು. ಅಪವರ್ತನದ ಇಡೀ ಕಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು.

ಇಂಥ ಸಂಖ್ಯೆಗಳ ಮೇಲಿನ ಪ್ರೀತಿ ಈ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ಆರಂಭಿಸಿದ ಮಹಾವೀರಾಚಾರ್ಯನು, ಗುಣಲಬ್ಧವು ಕೊರಳಹಾರದಂತೆ ಎಡದಿಂದಲೂ ಬಲದಿಂದಲೂ ಒಂದೇ ರೀತಿ ಕಾಣುವ ಗುಣಾಕಾರಗಳನ್ನು ಅದರಲ್ಲಿ ಕೊಟ್ಟಿದ್ದಾನೆ. 27994681 × 441 = 12345654321 ಎಂಬುದು ಅವುಗಳಲ್ಲೊಂದು. 333333666667 × 33 = 11000011000011 ಎಂಬುದು ಇನ್ನೊಂದು. ಈ ಎರಡನೆಯದನ್ನು ಗಮನವಿಟ್ಟು ನೋಡಿ: ಎರಡೂ ಬದಿಯನ್ನು 11ರಿಂದ ಭಾಗಿಸಿದರೆ 333333666667 × 3 = 1000001000001 ಆಗುತ್ತದೆ. ಇಂದು ನಮ್ಮ ಕೈಯಲ್ಲಿರುವುದು ಅದೇ ಸಂಖ್ಯೆ.

ಮೂರನೇ ಹಂತ: ಸಣ್ಣ ತುಂಡನ್ನು ಬಿಡಿಸುವುದು

585101 = 11 × 53191. ಮುಂದೆ 53191ನ್ನು 13, 17, 19, 23, 29, 31, 37, 41ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. 43ರಿಂದ ಭಾಗಿಸಿದರೆ 1237 ನಿಶ್ಶೇಷವಾಗಿ ಬರುತ್ತದೆ. 1237ರ ವರ್ಗಮೂಲ 35ಕ್ಕಿಂತ ಸ್ವಲ್ಪ ಹೆಚ್ಚು. 31ರವರೆಗಿನ ಯಾವ ಅವಿಭಾಜ್ಯದಿಂದಲೂ ಅದು ಭಾಗವಾಗುವುದಿಲ್ಲವಾದ್ದರಿಂದ 1237 ಅವಿಭಾಜ್ಯ. ಹೀಗೆ 585101 = 11 × 43 × 1237.

ನಾಲ್ಕನೇ ಹಂತ: ಪರೀಕ್ಷಿಸಬೇಕಾದ ಭಾಜಕಗಳನ್ನು ಕಡಿಮೆ ಮಾಡುವುದು

ನಿಂತು ಯೋಚಿಸಬೇಕಾದ ಹಂತ ಇದೇ. 1001001ರ ಅಂಕೆಗಳ ಮೊತ್ತ 3; ಆದ್ದರಿಂದ 1001001 = 3 × 333667. ಈ 333667 ಅವಿಭಾಜ್ಯವೇ? ಅದರ ವರ್ಗಮೂಲ 577.6. ಅಲ್ಲಿಯವರೆಗಿನ ನೂರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡುವ ಬದಲು, ಯಾವ ಬಗೆಯ ಅವಿಭಾಜ್ಯಕ್ಕೆ ಇದನ್ನು ಭಾಗಿಸುವ ಸಾಧ್ಯತೆಯಾದರೂ ಇದೆ ಎಂದು ಮೊದಲು ಕೇಳಿಕೊಳ್ಳೋಣ.

‘ಪ’ ಎಂಬ ಅವಿಭಾಜ್ಯವು ಕ² + ಕ + 1 ಅನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಅದು (ಕ − 1)(ಕ² + ಕ + 1), ಅಂದರೆ ಕ³ − 1 ಅನ್ನೂ ಭಾಗಿಸುತ್ತದೆ. ಕ ಎಂದರೆ 10³. ಹಾಗಾಗಿ 10⁹ನ್ನು ಪ ಯಿಂದ ಭಾಗಿಸಿದಾಗ ಶೇಷ 1. ಅದೇ ವೇಳೆ 10³ನ್ನು ಪ ಯಿಂದ ಭಾಗಿಸಿದಾಗಲೂ ಶೇಷ 1 ಆಗಿದ್ದರೆ ಕ² + ಕ + 1ರ ಶೇಷವು 3 ಆಗಬೇಕಾಗುತ್ತದೆ, ಮತ್ತು ಅದು ಸೊನ್ನೆಗೆ ಸಮನಾಗುವುದು ಪ = 3 ಆದಾಗ ಮಾತ್ರ. 3ನ್ನು ಈಗಾಗಲೇ ಹೊರಗೆ ತೆಗೆದಾಗಿದೆ, 333667ರ ಅಂಕೆಗಳ ಮೊತ್ತ 28 ಆದ್ದರಿಂದ ಅದು ಮತ್ತೆ ಬರುವುದಿಲ್ಲ. ಆದುದರಿಂದ 10ರ ಘಾತಗಳಲ್ಲಿ ಶೇಷ 1 ಮೊದಲ ಬಾರಿಗೆ ಬರುವುದು ಒಂಬತ್ತನೇ ಘಾತದಲ್ಲಿ. ಫರ್ಮಾನ ಕಿರು ಪ್ರಮೇಯದ ಪ್ರಕಾರ 10ರ (ಪ − 1)ನೇ ಘಾತದ ಶೇಷವೂ 1. ಹಾಗಾದರೆ 9 ಎಂಬುದು ಪ − 1ನ್ನು ಭಾಗಿಸಲೇಬೇಕು. ಪ ಬೆಸ ಸಂಖ್ಯೆಯಾದ್ದರಿಂದ ಪ − 1 ಸಮಸಂಖ್ಯೆ, ಅಂದರೆ 18ರ ಗುಣಕ.

999001ಕ್ಕೂ ಇದೇ ವಾದ ನಡೆಯುತ್ತದೆ. ಅಲ್ಲಿ ಕ³ + 1 ಎಂಬುದು ಪ ಯಿಂದ ಭಾಗವಾಗುವುದರಿಂದ ಶೇಷ 1 ಮೊದಲು ಬರುವುದು ಹದಿನೆಂಟನೇ ಘಾತದಲ್ಲಿ. ಅಲ್ಲಿಯೂ ಪ − 1 ಎಂಬುದು 18ರ ಗುಣಕವೇ ಆಗಬೇಕು. ಎರಡೂ ಸಂಖ್ಯೆಗಳಿಗೆ ಒಂದೇ ಪಟ್ಟಿ ಸಾಕಾಗುವುದು ಎಂಥ ಅನುಕೂಲ!

18ರ ಗುಣಕಕ್ಕೆ 1 ಕೂಡಿಸಿದಾಗ ಬರುವ, 577ರವರೆಗಿನ ಅವಿಭಾಜ್ಯಗಳು ಹದಿನೇಳು: 19, 37, 73, 109, 127, 163, 181, 199, 271, 307, 379, 397, 433, 487, 523, 541, 577.

ಐದನೇ ಹಂತ: ಭಾಗಾಕಾರ

ಮೊದಲಿಗೆ 999001. ಪಟ್ಟಿಯ ಮೊದಲನೆಯದಾದ 19ರಿಂದಲೇ ಅದು ಭಾಗವಾಗುತ್ತದೆ: 999001 = 19 × 52579. 52579ರ ವರ್ಗಮೂಲ 229.3 ಆದ್ದರಿಂದ ಪಟ್ಟಿಯ ಮೊದಲ ಎಂಟು ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು. ಶೇಷಗಳು ಕ್ರಮವಾಗಿ 6, 2, 19, 41, 1, 93, 89, 43. ಒಂದೂ ಸೊನ್ನೆಯಲ್ಲ, 52579 ಅವಿಭಾಜ್ಯ.

333667ಕ್ಕೆ ಹದಿನೇಳೂ ಬೇಕು. ಶೇಷಗಳು ಕ್ರಮವಾಗಿ 8, 1, 57, 18, 38, 6, 84, 143, 66, 265, 147, 187, 257, 72, 516, 411, 161. ಇಲ್ಲಿಯೂ ಸೊನ್ನೆಯಿಲ್ಲ; 333667 ಅವಿಭಾಜ್ಯ. ನಾಲ್ಕು ಕೋಟಿ ಅವಿಭಾಜ್ಯಗಳ ಬದಲು ಇಪ್ಪತ್ತೈದು ಭಾಗಾಕಾರಗಳಲ್ಲಿ ದೊಡ್ಡ ಭಾಗದ ಕೆಲಸ ಮುಗಿದಂತಾಯಿತು. ಪೂರ್ಣ ಫಲಿತಾಂಶ ಹೀಗಿದೆ:

585101585101585101 = 3 × 11 × 19 × 43 × 1237 × 52579 × 333667.

ತಾಳೆ ನೋಡುವುದನ್ನು ಬಿಡಬಾರದು. ಹದಿನೆಂಟು ಅಂಕೆಗಳ ಗುಣಾಕಾರವನ್ನು ಪೂರ್ತಿ ಮಾಡುವ ಬದಲು ಶೇಷಗಳಿಂದಲೇ ತಾಳೆ ನೋಡಬಹುದು. 9ರಿಂದ ಭಾಗಿಸಿದಾಗ ಏಳು ಅಪವರ್ತನಗಳ ಶೇಷಗಳು 3, 2, 1, 7, 4, 1, 1. ಅವುಗಳ ಗುಣಲಬ್ಧ 168, ಅದರ ಶೇಷ 6. ಮೂಲ ಸಂಖ್ಯೆಯ ಅಂಕೆಗಳ ಮೊತ್ತ 60, ಅದರ ಶೇಷವೂ 6. 7ರಿಂದ ಭಾಗಿಸಿದಾಗ ಅಪವರ್ತನಗಳ ಶೇಷಗಳು 3, 4, 5, 1, 5, 2, 5. ಗುಣಲಬ್ಧ 3000, ಅದರ ಶೇಷ 4. ಮೊದಲ ಹಂತದ −1452ನ್ನು 7ರಿಂದ ಭಾಗಿಸಿದರೂ ಶೇಷ 4. ಅಂಕೆಗಳು ಅದಲುಬದಲಾದರೆ 9ರ ತಾಳೆಗೆ ಅದು ಸಿಕ್ಕಿಬೀಳುವುದಿಲ್ಲ. ಆದ್ದರಿಂದಲೇ ಎರಡನೆಯ ತಾಳೆ ಬೇಕು.

ಆರನೇ ಹಂತ: ಗುಣಗಳನ್ನು ಓದುವುದು

ಅಪವರ್ತನಗಳು ಕೈಗೆ ಬಂದ ಮೇಲೆ ಉಳಿದ ಗುಣಗಳು ತಾವಾಗಿಯೇ ಬರುತ್ತವೆ. ಏಳು ಅವಿಭಾಜ್ಯಗಳು ತಲಾ ಒಂದು ಬಾರಿ ಬಂದಿರುವುದರಿಂದ, ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು; ಭಾಜಕಗಳ ಸಂಖ್ಯೆ 2⁷ = 128. ಇವನ್ನು ಜೋಡಿ ಮಾಡಿದರೆ 64 ಜೋಡಿಗಳಾಗುತ್ತವೆ, ಮತ್ತು ಸಂಖ್ಯೆ ಬೆಸವಾದ್ದರಿಂದ ಪ್ರತಿ ಜೋಡಿಯೂ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವ ಒಂದು ದಾರಿ. ಎರಡು ವರ್ಗಗಳ ಮೊತ್ತವಾಗಿ ಬರೆಯಲು ಮಾತ್ರ ಯಾವ ದಾರಿಯೂ ಇಲ್ಲ. 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯವೊಂದು ಬೆಸ ಘಾತದಲ್ಲಿದ್ದರೆ ಅದು ಅಸಾಧ್ಯ. ಇಲ್ಲಿ 3, 11, 19, 43 ಎಲ್ಲವೂ ಅಂಥವೇ.

ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯಕ್ಕೂ 1 ಕೂಡಿಸಿ ಗುಣಿಸಬೇಕು: 4 × 12 × 20 × 44 × 1238 × 52580 × 333668 = 917444273379532800. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 332342688277947699 ಉಳಿಯುತ್ತದೆ. ಅದು ಮೂಲ ಸಂಖ್ಯೆಗಿಂತ ಕಡಿಮೆಯಾದ್ದರಿಂದ ಇದು ನ್ಯೂನ ಸಂಖ್ಯೆ. ಆಯ್ಲರನ ಫೈ ಬೆಲೆಗೆ 1 ಕಳೆದು ಗುಣಿಸಬೇಕು: 2 × 10 × 18 × 42 × 1236 × 52578 × 333666 = 327858372753327360. ಈ ಸಂಖ್ಯೆಯವರೆಗಿನ ಪೂರ್ಣಾಂಕಗಳಲ್ಲಿ ಅದರೊಡನೆ ಸಹ ಅವಿಭಾಜ್ಯವಾಗಿರುವವು ಅಷ್ಟು, ಅಂದರೆ ಶೇಕಡಾ 56ರಷ್ಟು.

ಇವೆಲ್ಲಕ್ಕಿಂತ ಸ್ವಾರಸ್ಯಕರವಾದದ್ದು ವ್ಯುತ್ಕ್ರಮದ ಆವರ್ತ. 1ನ್ನು ಕಲಬುರಗಿ ಸಂಖ್ಯೆಯಿಂದ ಭಾಗಿಸಿದಾಗ ಬರುವ ದಶಮಾಂಶವು ಆವರ್ತವಾಗಿಯೇ ಇರುತ್ತದೆ, ಮತ್ತು ಆವರ್ತದ ಉದ್ದವು ಪ್ರತಿ ಅವಿಭಾಜ್ಯದ ಆವರ್ತಗಳ ಲ.ಸಾ.ಅ. ಆಗಿರುತ್ತದೆ. ಒಂದು ಅವಿಭಾಜ್ಯದ ಆವರ್ತದ ಉದ್ದವೆಂದರೆ, 10ರ ಘಾತಗಳನ್ನು ಅದರಿಂದ ಭಾಗಿಸುತ್ತ ಹೋದಾಗ ಶೇಷ 1 ಮೊದಲ ಬಾರಿಗೆ ಬರುವ ಘಾತವೇ. 3ರ ಆವರ್ತ 1, 11ರದ್ದು 2, 19ರದ್ದು 18, 43ರದ್ದು 21. 52579 ಮತ್ತು 333667ರ ಆವರ್ತಗಳು ನಾಲ್ಕನೇ ಹಂತದಲ್ಲೇ ತಿಳಿದಿವೆ: 18 ಮತ್ತು 9. ವಾಸ್ತವವಾಗಿ ಒಂಬತ್ತು ಅಂಕೆಗಳ ಆವರ್ತವುಳ್ಳ ಅವಿಭಾಜ್ಯ ಇಡೀ ಸಂಖ್ಯಾಲೋಕದಲ್ಲಿ 333667 ಒಂದೇ; ಅದರ ವ್ಯುತ್ಕ್ರಮ 0.000002997000002997... ಎಂದು ಸಾಗುತ್ತದೆ.

1237 ಮಾತ್ರ ಸ್ವಲ್ಪ ಲೆಕ್ಕ ಕೇಳುತ್ತದೆ. ವರ್ಗ ಮಾಡುತ್ತ ಶೇಷ ತೆಗೆಯುತ್ತ ಹೋಗಿ: 10⁶ರ ಶೇಷ 504, 10¹²ರದ್ದು 431, 10²⁴ರದ್ದು 211, 10⁴⁸ರದ್ದು −11, 10⁹⁶ರದ್ದು 121. 96 + 6 + 1 = 103 ಆದ್ದರಿಂದ 10¹⁰³ರ ಶೇಷವು 121 × 504 × 10ರ ಶೇಷವೇ; ಅದು −1. ಹಾಗಾದರೆ 206ನೇ ಘಾತದಲ್ಲಿ ಶೇಷ 1. 103 ಅವಿಭಾಜ್ಯ, 206ರ ಇನ್ನುಳಿದ ಭಾಜಕಗಳಾದ 1, 2, 103ರಲ್ಲಿ ಶೇಷ 1 ಬರುವುದಿಲ್ಲ. ಆವರ್ತ 206 ಎಂದಾಯಿತು. ಈಗ 1, 2, 18, 21, 206, 18, 9ರ ಲ.ಸಾ.ಅ. 12978. ಕಲಬುರಗಿ ಸಂಖ್ಯೆಯ ವ್ಯುತ್ಕ್ರಮವು 12,978 ಅಂಕೆಗಳಿಗೊಮ್ಮೆ ಪುನರಾವರ್ತನೆಯಾಗುತ್ತದೆ.

ಈ ಸುಲಭಕ್ಕೆ ಕಾರಣ ಸಂಖ್ಯೆಯ ಗಾತ್ರವಲ್ಲ, ಅದರ ರೂಪ ಎಂಬುದನ್ನು ಮರೆಯಬಾರದು. ಗೂಢಲಿಪಿಗಾಗಿ ಆಯ್ದ ಸಂಯುಕ್ತ ಸಂಖ್ಯೆಗಳಲ್ಲಿ ಇಂಥ ಜೋಡಣೆ ಯಾವುದೂ ಇರದಂತೆ ನೋಡಿಕೊಳ್ಳುತ್ತಾರೆ; 250 ಅಂಕೆಗಳ ಆರ್‌ಎಸ್‌ಎ-250 ಎಂಬ ಸಂಖ್ಯೆಯನ್ನು ಅಪವರ್ತಿಸಲು 2020ರವರೆಗೆ ಕಾಯಬೇಕಾಯಿತು, ಅದೂ ಅನೇಕಾನೇಕ ಕಂಪ್ಯೂಟರ್‌ಗಳನ್ನು ಒಟ್ಟಿಗೆ ದುಡಿಸಿ.

ಏಳನೇ ಹಂತ: ಬೀದರ್ ಮತ್ತು ಯಾದಗಿರಿಯ ಸಂಖ್ಯೆಗಳು

ಬೀದರಿನ ಪಿನ್ ಕೋಡ್ 585401, ಯಾದಗಿರಿಯದು 585201. ಇವನ್ನು ಮೂರು ಬಾರಿ ಬರೆದಾಗಲೂ 1000001000001 ಎಂಬ ಭಾಗ ಹಾಗೆಯೇ ಇರುತ್ತದೆ. ಆರಂಕಿಯ ತುಂಡನ್ನು ಮಾತ್ರ ಬಿಡಿಸಿದರೆ ಸಾಕು. 585401 = 137 × 4273. ಬೀದರ್ ಸಂಖ್ಯೆಗೆ ಆರು ಬೇರೆ ಬೇರೆ ಅವಿಭಾಜ್ಯಗಳು, 64 ಭಾಜಕಗಳು. ಯಾದಗಿರಿಯದು ಸ್ವಲ್ಪ ಭಿನ್ನ: 585201 = 3 × 97 × 2011. ಬಲಗಡೆಯ ಭಾಗದಲ್ಲಿಯೂ ಒಂದು 3 ಇರುವುದರಿಂದ ಇಲ್ಲಿ 3² ಬರುತ್ತದೆ. ಅದನ್ನು ಮೂರು ರೀತಿಯಲ್ಲಿ (0, 1, 2 ಬಾರಿ) ಆಯ್ಕೆ ಮಾಡಬಹುದಾದ್ದರಿಂದ ಭಾಜಕಗಳು 3 × 2⁵ = 96. ಮೂರರಲ್ಲಿ ವರ್ಗ ಅಪವರ್ತನವುಳ್ಳದ್ದು ಯಾದಗಿರಿ ಸಂಖ್ಯೆ ಒಂದೇ.

ಇಲ್ಲಿಗೆ ತೃಪ್ತರಾಗದವರು ಪಿನ್ ಕೋಡನ್ನು ನಾಲ್ಕು ಬಾರಿ ಬರೆದು 24 ಅಂಕೆಗಳ ಸಂಖ್ಯೆಯನ್ನು ತೆಗೆದುಕೊಳ್ಳಬಹುದು. ಆಗ ಬಲಗಡೆಯ ಭಾಗವು (10⁶ + 1)(10¹² + 1) ಆಗುತ್ತದೆ. ಮೊದಲನೆಯದು 101 × 9901. ಎರಡನೆಯದು ಘನಗಳ ಮೊತ್ತವಾದ್ದರಿಂದ 10001 × 99990001 ಆಗುತ್ತದೆ, ಮತ್ತು 10001 = 73 × 137. 99990001 ಅವಿಭಾಜ್ಯವೇ, ಅದನ್ನು ಖಚಿತಪಡಿಸಿಕೊಳ್ಳಲು 24ರ ಗುಣಕಕ್ಕೆ 1 ಕೂಡಿಸಿದಾಗ ಬರುವ, 9999ರೊಳಗಿನ ಅವಿಭಾಜ್ಯಗಳನ್ನು ಮಾತ್ರ ಪರೀಕ್ಷಿಸಬೇಕು, ಅವು ನೂರೈವತ್ತರ ಆಸುಪಾಸಿನಲ್ಲಿವೆ. ಬೀದರಿನವರಿಗೆ ಇಲ್ಲೊಂದು ವಿಶೇಷ ಕಾದಿದೆ: ಅವರ ಪಿನ್ ಕೋಡಿನಲ್ಲಿ ಈಗಾಗಲೇ 137 ಇರುವುದರಿಂದ 585401585401585401585401 = 73 × 101 × 137² × 4273 × 9901 × 99990001 ಆಗುತ್ತದೆ, ಮತ್ತು ಅದರ ಭಾಜಕಗಳ ಸಂಖ್ಯೆಯೂ 96.